ಕ್ರಾಸ್ ಟೂಲ್‌ಚೈನ್ ಬಿಲ್ಡ್ ಪದೇ ಪದೇ ಮುರಿಯುತ್ತಿದೆಯಾ? ಹಂತ ಹಂತವಾಗಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬಂದರೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಎರಡು ಮೂರು ಲ್ಯಾಪ್‌ಟಾಪ್ ಬರುತ್ತವೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಹುಡುಗ ಹುಡುಗಿಯರು. ಒಬ್ಬರದು ಕಾಲುವೆಯ ನೀರಿನ ಮಟ್ಟ ಅಳೆಯುವ ಬೋರ್ಡು, ಇನ್ನೊಬ್ಬರದು ಅಕ್ಕಿ ಗಿರಣಿಯ ಮೋಟಾರಿನ ಬಿಸಿ ನೋಡುವ ಬೋರ್ಡು. ಪ್ರಾಜೆಕ್ಟು ಬೇರೆ ಬೇರೆ, ಮುರಿಯುವ ಜಾಗ ಮಾತ್ರ ಅದೇ. ಆರ್ಮ್ ಚಿಪ್ಪಿನ ಬೋರ್ಡಿಗೆ ಕ್ರಾಸ್ ಟೂಲ್‌ಚೈನ್, ಅಂದರೆ ಲ್ಯಾಪ್‌ಟಾಪಿನಲ್ಲಿ ಓಡಿ ಬೋರ್ಡಿಗೆ ಕೋಡ್ ತಯಾರಿಸುವ ಕಂಪೈಲರ್ ಮತ್ತು ಬೋರ್ಡಿನ ಸಿ ಲೈಬ್ರರಿ, ತಾವೇ ಕಟ್ಟಲು ಹೋಗಿ ಮೂರು ರಾತ್ರಿ ಕಳೆದಿರುತ್ತಾರೆ.

ಅವರೆಲ್ಲ ಮಾಡುವ ತಪ್ಪೂ ಒಂದೇ. ಪರದೆಯ ಕೊನೆಯ ಸಾಲು ಓದುತ್ತಾರೆ. ಅದನ್ನೇ ಹುಡುಕಿ, ಎಲ್ಲೋ ಸಿಕ್ಕ ಫ್ಲಾಗ್ ಒಂದನ್ನು ತಂದು ಅಂಟಿಸುತ್ತಾರೆ. ತಪ್ಪು ನಡೆದಿದ್ದು ಮಾತ್ರ ಎರಡು ಹಂತ ಹಿಂದೆ. ಅದಕ್ಕೇ ನಾನು ಪ್ರತಿ ಸಲ ಕೇಳುವ ಮೊದಲ ಪ್ರಶ್ನೆ: ಈ ಫೈಲು ಯಾರದು? ನಿಮ್ಮ ಲ್ಯಾಪ್‌ಟಾಪಿನದಾ, ಬೋರ್ಡಿನದಾ? ಕ್ರಾಸ್ ಬಿಲ್ಡಿನಲ್ಲಿ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಎರಡು ಬೆರೆತು ಹೋಗಿದ್ದರಿಂದಲೇ ಆಗುವಂಥವು.

ಇಲ್ಲಿ ಉದಾಹರಣೆಗೆ 64 ಬಿಟ್ ಆರ್ಮ್ ಬೋರ್ಡ್, ಜಿಸಿಸಿ ಅನ್ನುವ ಕಂಪೈಲರ್ ಮತ್ತು ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿ ತೆಗೆದುಕೊಂಡಿದ್ದೇನೆ. ಕಮಾಂಡುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಹೆಸರು ಕೊಡಿ.

## ಹಂತ 1: ಬಿಲ್ಡ್, ಹೋಸ್ಟ್, ಟಾರ್ಗೆಟ್ ಅಂದರೆ ಯಾರು ಅಂತ ಬರೆದಿಟ್ಟುಕೊಳ್ಳಿ

ಬಿಲ್ಡ್ ಅಂದರೆ ಕಟ್ಟುವ ಯಂತ್ರ. ಹೋಸ್ಟ್ ಅಂದರೆ ಕಟ್ಟಿದ್ದು ಓಡುವ ಯಂತ್ರ. ಟಾರ್ಗೆಟ್ ಅನ್ನುವ ಮಾತು ಬರುವುದು ಕಂಪೈಲರ್, ಲಿಂಕರ್ ತರಹದ ಟೂಲುಗಳಿಗೆ ಮಾತ್ರ: ಆ ಟೂಲು ಯಾರಿಗಾಗಿ ಕೋಡ್ ತಯಾರಿಸುತ್ತದೆ ಅನ್ನುವುದು. ನಮ್ಮೂರಿನ ಜೀನ್ಸ್ ನೋಡಿ. ಹೊಲಿಯುವ ಮಿಷನ್ನು ಇರುವುದು ಬಳ್ಳಾರಿಯಲ್ಲಿ, ಪ್ಯಾಂಟು ತೊಡುವವರು ಇನ್ನೆಲ್ಲೋ. ಮಿಷನ್ನಿಗೆ ವೋಲ್ಟೇಜು ಬಳ್ಳಾರಿಯದು, ಪ್ಯಾಂಟಿನ ಅಳತೆ ತೊಡುವವರದು.

ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರುವ ಕಟ್ಟು) ಮತ್ತು ಜಿಸಿಸಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ, ಹಾಗಾಗಿ ಅವಕ್ಕೆ ‘--ಟಾರ್ಗೆಟ್’ ಕೊಡಬೇಕು. ಸಿ ಲೈಬ್ರರಿ ಓಡುವುದು ಬೋರ್ಡಿನಲ್ಲಿ, ಹಾಗಾಗಿ ಅದಕ್ಕೆ ‘--ಹೋಸ್ಟ್’ ಜಾಗದಲ್ಲಿ ಬೋರ್ಡಿನ ಹೆಸರು. ಇಲ್ಲಿ ತುಂಬಾ ಜನ ಎಡವುತ್ತಾರೆ. ಜಿಲಿಬ್‌ಸಿಗೆ ‘--ಟಾರ್ಗೆಟ್’ ಕೊಟ್ಟರೆ ಅದು ಸುಮ್ನೆ ನಿಮ್ಮ ಲ್ಯಾಪ್‌ಟಾಪಿಗೇ ಲೈಬ್ರರಿ ಕಟ್ಟಿಕೊಂಡು ಹೋಗುತ್ತದೆ. ಎರರ್ ಕೂಡ ಬರುವುದಿಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಉಬುಂಟುವಿನಲ್ಲಿ ರೆಡಿಮೇಡ್ ಕ್ರಾಸ್ ಕಂಪೈಲರ್ ‘ಎಆರ್ಚ್64-ಲಿನಕ್ಸ್-ಜಿಎನ್‌ಯು’ ಅನ್ನುವ ಹೆಸರಲ್ಲಿ ಸಿಗುತ್ತದೆ. ನೀವು ಕಟ್ಟುವುದಕ್ಕೂ ಅದೇ ಹೆಸರಿಟ್ಟರೆ ಯಾವುದು ಓಡಿತು ಅಂತ ಗೊತ್ತಾಗುವುದೇ ಇಲ್ಲ. ನಡುವೆ ನಿಮ್ಮದೇ ಒಂದು ಪದ ಸೇರಿಸಿ: ‘ಎಆರ್ಚ್64-ಬೋರ್ಡ್-ಲಿನಕ್ಸ್-ಜಿಎನ್‌ಯು’. ಈ ಒಂದು ಪದ ಮುಂದೆ ಎಷ್ಟೋ ಗೊಂದಲ ತಪ್ಪಿಸುತ್ತದೆ.

## ಹಂತ 2: ಸಾಮಾನು ಜೋಡಿಸಿ

ಬೇಕಾದ್ದು ಇಷ್ಟು: ಲ್ಯಾಪ್‌ಟಾಪಿನ ಸ್ವಂತ ಜಿಸಿಸಿ ಮತ್ತು ಜಿ++, ಮೇಕ್, ಬೈಸನ್, ಫ್ಲೆಕ್ಸ್, ಗಾಕ್, ಎಂ4, ಪರ್ಲ್, ಪೈಥಾನ್ 3, ಟೆಕ್ಸ್‌ಇನ್ಫೋ, ಆರ್‌ಸಿಂಕ್, ಪ್ಯಾಚ್. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಗಾಕ್ ಬದಲು ಮಾಕ್ ಇರುವುದು ಜಾಸ್ತಿ. ಆಗ ಜಿಲಿಬ್‌ಸಿ ಕಾನ್ಫಿಗರ್ (ಕಟ್ಟುವ ಮುಂಚೆ ಯಂತ್ರವನ್ನು ಪರೀಕ್ಷಿಸುವ ಸ್ಕ್ರಿಪ್ಟ್) ‘ಮುಖ್ಯ ಪ್ರೋಗ್ರಾಮ್‌ಗಳು ಇಲ್ಲ ಅಥವಾ ಹಳೆಯವು’ ಅನ್ನುವ ಅರ್ಥದ ಎರರ್ ಕೊಟ್ಟು ನಿಲ್ಲುತ್ತದೆ. ಆ ಸಾಲಿನ ಕೊನೆಗೇ ಯಾವುದು ಇಲ್ಲ ಅಂತ ಹೆಸರಿರುತ್ತದೆ, ಪೂರ್ತಿ ಓದಿ.

ಡಿಸ್ಕಿನಲ್ಲಿ 15 ಜಿಬಿ ಆದರೂ ಖಾಲಿ ಇರಲಿ. ವಿಂಡೋಸ್ ಒಳಗಿನ ಲಿನಕ್ಸ್ ಬಳಸುವವರು ಸಿ ಡ್ರೈವಿನಲ್ಲಿ ಬಿಲ್ಡ್ ಮಾಡಬೇಡಿ, ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಮಾಡಿ. ಕರ್ನಲ್ ಸೋರ್ಸಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರದಲ್ಲಷ್ಟೇ ವ್ಯತ್ಯಾಸ ಇರುವ ಫೈಲುಗಳಿವೆ. ವಿಂಡೋಸ್ ಡ್ರೈವಿನಲ್ಲಿ ಒಂದರ ಮೇಲೊಂದು ಕೂತು ಅಳಿಸಿಹೋಗುತ್ತವೆ.

ಜಿಸಿಸಿಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಅನ್ನುವ ಗಣಿತದ ಲೈಬ್ರರಿಗಳು ಬೇಕು. ಅವನ್ನು ಬೇರೆ ಬೇರೆ ಕಟ್ಟಲು ಹೋಗಬೇಡಿ. ಜಿಸಿಸಿ ಸೋರ್ಸ್ ಫೋಲ್ಡರಿನ ‘ಕಾಂಟ್ರಿಬ್’ ಒಳಗೆ ‘ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್’ ಅನ್ನುವ ಸ್ಕ್ರಿಪ್ಟ್ ಇದೆ. ಅದನ್ನು ಓಡಿಸಿದರೆ ಸರಿಯಾದ ವರ್ಷನ್ ತಾನೇ ತರುತ್ತದೆ.

## ಹಂತ 3: ಮೊದಲ ಎರರ್ ಹಿಡಿಯುವುದನ್ನು ಕಲಿಯಿರಿ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಉಳಿದ ಎಲ್ಲ ಹಂತಕ್ಕೂ ಇದೇ ಆಧಾರ.

‘ಮೇಕ್ -ಜೆ8’ ಕೊಟ್ಟಾಗ ಎಂಟು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕೆಟ್ಟರೂ ಉಳಿದ ಏಳು ಒಂದಷ್ಟು ಹೊತ್ತು ಓಡುತ್ತಲೇ ಇರುತ್ತವೆ. ನಿಜವಾದ ಎರರ್ ಇನ್ನೂರು ಸಾಲು ಮೇಲೆ ಹೋಗಿರುತ್ತದೆ, ಕೊನೆಯಲ್ಲಿ ಉಳಿಯುವುದು ‘ಎರರ್ 2’ ಅನ್ನುವ ಬರೀ ಸೂಚನೆ. ಅದರಿಂದ ಏನೂ ತಿಳಿಯುವುದಿಲ್ಲ.

ಹಾಗಾಗಿ ಬಿಲ್ಡ್ ಮುರಿದ ತಕ್ಷಣ ಅದೇ ಫೋಲ್ಡರಿನಲ್ಲಿ ‘ಮೇಕ್ -ಜೆ1’ ಕೊಡಿ, ಔಟ್‌ಪುಟ್ಟನ್ನು ‘ಟೀ’ ಮೂಲಕ ಲಾಗ್ ಫೈಲಿಗೆ ಬರೆಸಿ. ಆಮೇಲೆ ಲಾಗಿನಲ್ಲಿ ಮೇಲಿನಿಂದ ಕೆಳಕ್ಕೆ ಹುಡುಕಿ: ‘ಎರರ್:’ ಅನ್ನುವುದು, ‘ಎರರ್ 1’ ಅನ್ನುವುದು, ಮೂರು ನಕ್ಷತ್ರ ಚಿಹ್ನೆ. ಮೊದಲು ಸಿಕ್ಕಿದ್ದೇ ಅಸಲಿ.

ಕಾನ್ಫಿಗರ್ ಹಂತದಲ್ಲೇ ನಿಂತರೆ ಪರದೆ ನೋಡಬೇಡಿ. ‘ಕಾನ್ಫಿಗ್.ಲಾಗ್’ ತೆರೆಯಿರಿ. ‘ಸಿ ಕಂಪೈಲರಿಗೆ ಎಕ್ಸಿಕ್ಯೂಟಬಲ್ ಮಾಡಲು ಆಗುತ್ತಿಲ್ಲ’ ಅನ್ನುವ ಒಂದೇ ಸಾಲಿನ ಹಿಂದೆ ಹತ್ತು ಬೇರೆ ಬೇರೆ ಕಾರಣ ಇರಬಹುದು, ಅದನ್ನು ಹೇಳುವುದು ಆ ಲಾಗ್ ಮಾತ್ರ. ಜಿಸಿಸಿಯ ಒಳಗೆ ಪ್ರತಿ ಭಾಗಕ್ಕೂ ಪ್ರತ್ಯೇಕ ಕಾನ್ಫಿಗ್.ಲಾಗ್ ಇರುತ್ತದೆ. ಲಿಬ್‌ಜಿಸಿಸಿ (ಜಿಸಿಸಿಯ ಸಹಾಯಕ ಲೈಬ್ರರಿ) ಕೆಟ್ಟಿದ್ದರೆ ಟಾರ್ಗೆಟ್ ಹೆಸರಿನ ಫೋಲ್ಡರಿನೊಳಗಿನ ಲಿಬ್‌ಜಿಸಿಸಿಯ ಲಾಗ್ ನೋಡಬೇಕು, ಹೊರಗಿನದನ್ನಲ್ಲ. ಕಳೆದ ಬೇಸಿಗೆಯಲ್ಲಿ ಕೊಪ್ಪಳದಿಂದ ಬಂದ ಹುಡುಗಿಯೊಬ್ಬಳು ಎರಡು ದಿನ ಹೊರಗಿನ ಲಾಗನ್ನೇ ಓದುತ್ತಾ ಕೂತಿದ್ದಳು. ಸರಿಯಾದ ಲಾಗ್ ತೆಗೆದ ಐದು ನಿಮಿಷಕ್ಕೆ ಕಾರಣ ಸಿಕ್ಕಿತು. ಅಸೆಂಬ್ಲರ್ ಪಾತಿನಲ್ಲಿ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಇರಲಿಲ್ಲ, ಅಷ್ಟೇ.

## ಹಂತ 4: ಪರಿಸರ ಸ್ವಚ್ಛ ಮಾಡಿ

ಹೊಸ ಟರ್ಮಿನಲ್ ತೆರೆಯಿರಿ. ‘ಸಿಫ್ಲಾಗ್ಸ್’, ‘ಎಲ್‌ಡಿಫ್ಲಾಗ್ಸ್’, ‘ಎಲ್‌ಡಿ_ಲೈಬ್ರರಿ_ಪಾತ್’, ‘ಸಿ_ಇನ್‌ಕ್ಲೂಡ್_ಪಾತ್’ ಈ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳೆಲ್ಲವನ್ನೂ ‘ಅನ್‌ಸೆಟ್’ ಮಾಡಿ. ಎಲ್‌ಡಿ_ಲೈಬ್ರರಿ_ಪಾತಿನ ಕೊನೆಗೆ ಒಂದು ಖಾಲಿ ಕೋಲನ್ ಉಳಿದಿದ್ದರೂ ಅದು ‘ಈಗಿನ ಫೋಲ್ಡರ್’ ಅಂತ ಅರ್ಥವಾಗುತ್ತದೆ, ಜಿಲಿಬ್‌ಸಿ ಕಾನ್ಫಿಗರ್ ಅಲ್ಲೇ ನಿಲ್ಲುತ್ತದೆ. ಪಾತಿನಲ್ಲಿ ಮೊದಲು ನಿಮ್ಮ ಕ್ರಾಸ್ ಟೂಲುಗಳ ‘ಬಿನ್’ ಇರಲಿ. ಆಮೇಲೆ ಲ್ಯಾಪ್‌ಟಾಪಿನ ಮಾಮೂಲಿ ಜಾಗಗಳು. ವಿಂಡೋಸಿನಿಂದ ಬಂದ, ನಡುವೆ ಸ್ಪೇಸ್ ಇರುವ ಪಾತ್‌ಗಳನ್ನು ತೆಗೆದುಹಾಕಿ.

ಬಿಲ್ಡ್ ಯಾವಾಗಲೂ ಬೇರೆ ಫೋಲ್ಡರಿನಲ್ಲಿ. ಜಿಲಿಬ್‌ಸಿ ಸೋರ್ಸ್ ಒಳಗೇ ಕಾನ್ಫಿಗರ್ ಮಾಡಲು ಒಪ್ಪುವುದೇ ಇಲ್ಲ. ಕಾನ್ಫಿಗರ್‌ನ ಫ್ಲಾಗ್ ಬದಲಿಸಿದರೆ ಆ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದು ಮಾಡಿ. ಹಳೆಯ ಉತ್ತರಗಳನ್ನು ನೆನಪಿಟ್ಟುಕೊಂಡು ಅದೇ ತಪ್ಪು ಮತ್ತೆ ಮಾಡುವ ಅಭ್ಯಾಸ ಇವಕ್ಕಿದೆ.

ಎಚ್ಚರಿಕೆ: ರೂಟ್ ಆಗಿ ಬಿಲ್ಡ್ ಮಾಡಲೇಬೇಡಿ. ಮುಂದೆ ಜಿಲಿಬ್‌ಸಿಗೆ ‘--ಪ್ರಿಫಿಕ್ಸ್=/ಯುಎಸ್‌ಆರ್’ ಕೊಡುತ್ತೇವೆ. ಪ್ರಿಫಿಕ್ಸ್ ಅಂದರೆ ಇನ್‌ಸ್ಟಾಲ್ ಆಗುವ ಜಾಗ, ಡೆಸ್ಟ್‌ಡಿರ್ ಅಂದರೆ ಅದರ ಮುಂದೆ ಸೇರುವ ಫೋಲ್ಡರ್. ಇನ್‌ಸ್ಟಾಲ್ ಮಾಡುವಾಗ ‘ಡೆಸ್ಟ್‌ಡಿರ್’ ಮರೆತರೆ ಅದು ನಿಮ್ಮ ಲ್ಯಾಪ್‌ಟಾಪಿನ ಸ್ವಂತ ಲೈಬ್ರರಿಯ ಮೇಲೆ ಹೋಗಿ ಕೂರಬಹುದು. ಹಾಗಾದರೆ ಆ ಕ್ಷಣದಿಂದ ‘ಎಲ್‌ಎಸ್’ ಕೂಡ ಓಡುವುದಿಲ್ಲ. ಸಾಮಾನ್ಯ ಬಳಕೆದಾರರಾಗಿ ಮಾಡಿದರೆ ‘ಅನುಮತಿ ಇಲ್ಲ’ ಅನ್ನುವ ಎರರ್ ಬಂದು ನೀವು ಬಚಾವಾಗುತ್ತೀರಿ. ಆ ಎರರ್ ಕಂಡು ‘ಸುಡೋ’ ಸೇರಿಸಿದವರ ಲ್ಯಾಪ್‌ಟಾಪ್ ನಾನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸರಿಪಡಿಸಿದ್ದೇನೆ. ಅರ್ಧ ದಿನದ ಕೆಲಸ ಅದು.

## ಹಂತ 5: ಬಿನ್‌ಯುಟಿಲ್ಸ್

ಎಲ್ಲಕ್ಕಿಂತ ಮೊದಲು ಇದು, ಯಾಕೆಂದರೆ ಅಸೆಂಬ್ಲರ್ ಮತ್ತು ಲಿಂಕರ್ ಇಲ್ಲದೆ ಜಿಸಿಸಿ ಕಟ್ಟಿ ಪ್ರಯೋಜನ ಇಲ್ಲ. ‘--ಟಾರ್ಗೆಟ್’, ‘--ಪ್ರಿಫಿಕ್ಸ್’, ‘--ವಿತ್-ಸಿಸ್‌ರೂಟ್’, ‘--ಡಿಸೇಬಲ್-ಎನ್‌ಎಲ್‌ಎಸ್’, ‘--ಡಿಸೇಬಲ್-ವೆರರ್’, ಇಷ್ಟು ಸಾಕು. ಸಿಸ್‌ರೂಟ್ ಅಂದರೆ ಬೋರ್ಡಿನ ಫೈಲುಗಳಿಗೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೀಸಲಿಟ್ಟ ಜಾಗ. ಇಲ್ಲಿ ಕೊಟ್ಟ ಸಿಸ್‌ರೂಟ್ ವಿಳಾಸವನ್ನೇ ಜಿಸಿಸಿಗೂ ಕೊಡಬೇಕು. ಒಂದು ಅಕ್ಷರ ತಪ್ಪಿದರೂ ಮುಂದೆ ಕಷ್ಟ.

## ಹಂತ 6: ಕರ್ನಲ್ ಹೆಡರ್

ಕರ್ನಲ್ ಜೊತೆ ಮಾತಾಡಲು ಸಿ ಲೈಬ್ರರಿಗೆ ಬೇಕಾದ ಘೋಷಣೆಗಳ ಫೈಲುಗಳು ಇವು. ಇಲ್ಲಿ ಎರಡೇ ತಪ್ಪು ಆಗುತ್ತವೆ. ಒಂದು, ಕರ್ನಲ್‌ಗೆ ಈ ಚಿಪ್ಪಿನ ಹೆಸರು ‘ಆರ್ಮ್64’. ‘ಆರ್ಚ್=ಎಆರ್ಚ್64’ ಅಂತ ಕೊಟ್ಟರೆ ಅದಕ್ಕೆ ತಿಳಿಯುವುದಿಲ್ಲ. ಎರಡು, ‘ಇನ್‌ಸ್ಟಾಲ್_ಎಚ್‌ಡಿಆರ್_ಪಾತ್’ಗೆ ಸಿಸ್‌ರೂಟಿನ ‘ಯುಎಸ್‌ಆರ್’ ತನಕ ಮಾತ್ರ ಕೊಡಿ. ‘ಇನ್‌ಕ್ಲೂಡ್’ ಫೋಲ್ಡರನ್ನು ‘ಹೆಡರ್ಸ್_ಇನ್‌ಸ್ಟಾಲ್’ ತಾನೇ ಮಾಡುತ್ತದೆ. ನೀವೂ ಸೇರಿಸಿದರೆ ಇನ್‌ಕ್ಲೂಡ್ ಒಳಗೊಂದು ಇನ್‌ಕ್ಲೂಡ್ ಆಗಿ, ಜಿಲಿಬ್‌ಸಿಗೆ ‘ಲಿನಕ್ಸ್/ವರ್ಷನ್.ಎಚ್’ ಸಿಗುವುದಿಲ್ಲ.

## ಹಂತ 7: ಮೊದಲ ಜಿಸಿಸಿ

ಕಂಪೈಲರಿಗೆ ಲೈಬ್ರರಿ ಬೇಕು, ಲೈಬ್ರರಿ ಕಟ್ಟಲು ಕಂಪೈಲರ್ ಬೇಕು. ಈ ಗಂಟು ಬಿಡಿಸಲೆಂದೇ ಜಿಸಿಸಿಯನ್ನು ಎರಡು ಸಲ ಕಟ್ಟುವುದು. ಮೊದಲ ಸಲದ್ದು ಬರಿ ಸಿ ಭಾಷೆಗೆ, ಯಾವ ಲೈಬ್ರರಿಯ ಆಸರೆಯೂ ಇಲ್ಲದ್ದು: ‘--ವಿದೌಟ್-ಹೆಡರ್ಸ್’, ‘--ವಿತ್-ನ್ಯೂಲಿಬ್’, ‘--ಡಿಸೇಬಲ್-ಶೇರ್ಡ್’, ‘--ಡಿಸೇಬಲ್-ಥ್ರೆಡ್ಸ್’, ‘--ಡಿಸೇಬಲ್-ಮಲ್ಟಿಲಿಬ್’, ‘--ಎನೇಬಲ್-ಲ್ಯಾಂಗ್ವೇಜಸ್=ಸಿ’. ಲಿಬ್‌ಎಸ್‌ಎಸ್‌ಪಿ, ಲಿಬ್‌ಗಾಂಪ್, ಲಿಬ್‌ಅಟಾಮಿಕ್ ಕೂಡ ಡಿಸೇಬಲ್ ಮಾಡಿ.

ಬರಿ ‘ಮೇಕ್’ ಕೊಡಬೇಡಿ. ‘ಮೇಕ್ ಆಲ್-ಜಿಸಿಸಿ’, ಆಮೇಲೆ ‘ಮೇಕ್ ಆಲ್-ಟಾರ್ಗೆಟ್-ಲಿಬ್‌ಜಿಸಿಸಿ’, ಎರಡಕ್ಕೂ ಅವುಗಳದೇ ‘ಇನ್‌ಸ್ಟಾಲ್’. ಇಲ್ಲಿ ‘ಎಸ್‌ಟಿಡಿಐಓ.ಎಚ್ ಇಲ್ಲ’ ಅಂತಲೋ ‘ಸಿಆರ್‌ಟಿ1.ಓ ಸಿಗುತ್ತಿಲ್ಲ’ (ಪ್ರೋಗ್ರಾಮ್ ಶುರು ಮಾಡುವ, ಸಿ ಲೈಬ್ರರಿಯ ಫೈಲು) ಅಂತಲೋ ಬಂದರೆ ಹೆದರಬೇಡಿ. ಹೊತ್ತಿಗೆ ಮುಂಚೆಯೇ ಲೈಬ್ರರಿ ಬೇಕಾದ ಭಾಗ ಕಟ್ಟಲು ಹೋಗಿದೆ ಅಂತ ಅರ್ಥ. ಯಾವುದೋ ಒಂದು ಡಿಸೇಬಲ್ ಬಿಟ್ಟುಹೋಗಿದೆ. ಲ್ಯಾಪ್‌ಟಾಪಿನ ಸಿಆರ್‌ಟಿ1.ಓ ತಂದು ಸಿಸ್‌ರೂಟಿಗೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ನಿಮ್ಮ ಯಂತ್ರದ ಫೈಲು, ಬೋರ್ಡಿನದಲ್ಲ.

ಸಂಖ್ಯೆ ನೋಡಿ ಗುರುತಿಸಿ. ‘ಜೆನೆರಿಕ್ ಎಲ್ಫ್‌ನಲ್ಲಿ ರೀಲೊಕೇಶನ್, ಇಎಂ: 183’ ಅನ್ನುವ ಎರರ್ ಬಂದರೆ ಅದು ಬಹಳ ಒಳ್ಳೆಯ ಸುಳಿವು. ಲಿನಕ್ಸಿನ ಪ್ರೋಗ್ರಾಮ್, ಆಬ್ಜೆಕ್ಟ್ ಫೈಲುಗಳ ರೂಪಕ್ಕೆ ಎಲ್ಫ್ ಅನ್ನುತ್ತಾರೆ. ಪ್ರತಿ ಎಲ್ಫ್ ಫೈಲಿನ ತಲೆಯಲ್ಲಿ ಅದು ಯಾವ ಚಿಪ್ಪಿನದು ಅಂತ ಒಂದು ಸಂಖ್ಯೆ ಇರುತ್ತದೆ. 183 ಅಂದರೆ 64 ಬಿಟ್ ಆರ್ಮ್, 40 ಅಂದರೆ 32 ಬಿಟ್ ಆರ್ಮ್, 243 ಅಂದರೆ ರಿಸ್ಕ್-ಫೈವ್, 62 ಅಂದರೆ ನಿಮ್ಮ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್. ಹಾಗಾದರೆ ಈ ಎರರ್ ಹೇಳುವುದೇನು? ಬೋರ್ಡಿನ ಆಬ್ಜೆಕ್ಟ್ ಫೈಲನ್ನು ಲ್ಯಾಪ್‌ಟಾಪಿನ ಲಿಂಕರ್ ಕೈಗೆ ಕೊಟ್ಟಿದ್ದೀರಿ. ‘ಜಿಸಿಸಿ -ಪ್ರಿಂಟ್-ಪ್ರಾಗ್-ನೇಮ್=ಎಲ್‌ಡಿ’ ಅಂತ ನಿಮ್ಮ ಕ್ರಾಸ್ ಜಿಸಿಸಿಯನ್ನು ಕೇಳಿ. ನಿಮ್ಮ ಪ್ರಿಫಿಕ್ಸ್ ಒಳಗಿನ ವಿಳಾಸ ಬರಬೇಕು. ಬರಿ ‘ಎಲ್‌ಡಿ’ ಅಂತ ಬಂದರೆ ಹಂತ 5ರ ಪ್ರಿಫಿಕ್ಸೂ ಈ ಪ್ರಿಫಿಕ್ಸೂ ಬೇರೆ ಬೇರೆ ಇವೆ.

## ಹಂತ 8: ಜಿಲಿಬ್‌ಸಿ

‘--ಪ್ರಿಫಿಕ್ಸ್=/ಯುಎಸ್‌ಆರ್’, ‘--ಹೋಸ್ಟ್’ಗೆ ಬೋರ್ಡಿನ ಹೆಸರು, ‘--ಬಿಲ್ಡ್’ಗೆ ಲ್ಯಾಪ್‌ಟಾಪಿನ ಹೆಸರು, ‘--ವಿತ್-ಹೆಡರ್ಸ್’ಗೆ ಸಿಸ್‌ರೂಟಿನ ‘ಯುಎಸ್‌ಆರ್/ಇನ್‌ಕ್ಲೂಡ್’. ಇನ್‌ಸ್ಟಾಲ್ ಮಾಡುವಾಗ ‘ಮೇಕ್ ಡೆಸ್ಟ್‌ಡಿರ್=ಸಿಸ್‌ರೂಟ್ ಇನ್‌ಸ್ಟಾಲ್’.

ಪ್ರಿಫಿಕ್ಸಿಗೇ ಸಿಸ್‌ರೂಟಿನ ಪೂರ್ತಿ ವಿಳಾಸ ಕೊಟ್ಟರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಯಾಕೆ ಆಗಲ್ಲ ಅಂತ ಕಣ್ಣಾರೆ ನೋಡಬೇಕೆಂದರೆ ಇನ್‌ಸ್ಟಾಲ್ ಆದ ‘ಲಿಬ್‌ಸಿ.ಎಸ್‌ಓ’ ಫೈಲನ್ನು ‘ಕ್ಯಾಟ್’ ಮಾಡಿ. ಅದು ಬೈನರಿ ಅಲ್ಲ! ನಾಲ್ಕೈದು ಸಾಲಿನ ಪಠ್ಯ. ಅದರಲ್ಲಿ ‘ಗ್ರೂಪ್’ ಅಂತ ಬರೆದು, ಮುಂದೆ ‘/ಲಿಬ್64/ಲಿಬ್‌ಸಿ.ಎಸ್‌ಓ.6’, ‘/ಯುಎಸ್‌ಆರ್/ಲಿಬ್64/ಲಿಬ್‌ಸಿ_ನಾನ್‌ಶೇರ್ಡ್.ಎ’ ಅನ್ನುವ ವಿಳಾಸಗಳಿರುತ್ತವೆ. ಲಿಂಕರ್ ಇದನ್ನು ಓದಿ, ಈ ಫೈಲು ಸಿಸ್‌ರೂಟ್ ಒಳಗಿದೆ ಅಂತ ಕಂಡು, ಆ ವಿಳಾಸಗಳ ಮುಂದೆ ಸಿಸ್‌ರೂಟನ್ನು ತಾನೇ ಸೇರಿಸಿಕೊಳ್ಳುತ್ತದೆ. ನೀವೂ ಮೊದಲೇ ಸೇರಿಸಿದ್ದರೆ ವಿಳಾಸ ಎರಡೆರಡು ಸಲ ಆಗುತ್ತದೆ. ಬಿನ್‌ಯುಟಿಲ್ಸಿಗೆ ಸಿಸ್‌ರೂಟ್ ಕೊಡದಿದ್ದರೆ ಲಿಂಕರ್ ಲ್ಯಾಪ್‌ಟಾಪಿನ ‘/ಲಿಬ್64’ ಹುಡುಕಿಕೊಂಡು ಹೋಗಿ ‘ಹೊಂದದ ಫೈಲು, ಬಿಟ್ಟು ಮುಂದೆ ಹೋಗುತ್ತಿದ್ದೇನೆ’ ಅನ್ನುತ್ತದೆ. ಆ ಎರರ್ ಕಂಡರೆ ವಾಪಸ್ ಹಂತ 5ಕ್ಕೆ.

ಇಲ್ಲಿ ಬರುವ ಇತರ ತೊಂದರೆಗಳು:

ಆಪ್ಟಿಮೈಸೇಶನ್ ಇಲ್ಲದೆ ಜಿಲಿಬ್‌ಸಿ ಕಂಪೈಲ್ ಆಗುವುದಿಲ್ಲ. ಡೀಬಗ್ ಮಾಡೋಣ ಅಂತ ‘-ಓ0’ (ದೊಡ್ಡಕ್ಷರದ ಓ) ಕೊಟ್ಟರೆ ಅದೇ ಎರರ್ ಕೊಟ್ಟು ನಿಲ್ಲಿಸುತ್ತದೆ. ‘-ಓ2’ ಇರಲಿ.

ಹಳೆಯ ಜಿಲಿಬ್‌ಸಿ, ಹೊಸ ಜಿಸಿಸಿ ಜೋಡಿಯಾದರೆ ಎಚ್ಚರಿಕೆಗಳೇ ಎರರ್ ಆಗಿ ಬಿಲ್ಡ್ ನಿಲ್ಲುತ್ತದೆ. ‘--ಡಿಸೇಬಲ್-ವೆರರ್’ ಕೊಡಿ. ಆದರೆ ಎರಡರ ಬಿಡುಗಡೆಯ ವರ್ಷ ಹತ್ತಿರ ಹತ್ತಿರ ಇರುವಂತೆ ಆರಿಸಿಕೊಂಡರೆ ಈ ತಲೆನೋವೇ ಇರುವುದಿಲ್ಲ.

32 ಬಿಟ್ ಆರ್ಮ್ ಮಾಡುವವರಿಗೆ ಒಂದು ಮಾತು. ‘ಸ್ಟಬ್ಸ್-ಸಾಫ್ಟ್.ಎಚ್ ಇಲ್ಲ’ ಅಂತಲೋ ‘ವಿಎಫ್‌ಪಿ ರಿಜಿಸ್ಟರ್ ಬಳಸುತ್ತದೆ, ಔಟ್‌ಪುಟ್ ಬಳಸುವುದಿಲ್ಲ’ ಅಂತಲೋ ಬಂದರೆ ಹಾರ್ಡ್ ಫ್ಲೋಟ್ (ದಶಮಾಂಶದ ಲೆಕ್ಕ ಚಿಪ್ಪಿನಲ್ಲೇ), ಸಾಫ್ಟ್ ಫ್ಲೋಟ್ (ಅದೇ ಲೆಕ್ಕ ಸಾಫ್ಟ್‌ವೇರಿನಲ್ಲಿ) ಬೆರೆತಿವೆ. ಹೆಸರಿನ ಕೊನೆಗೆ ‘ಎಚ್‌ಎಫ್’ ಇದ್ದರೆ ಜಿಸಿಸಿಗೂ ‘--ವಿತ್-ಫ್ಲೋಟ್=ಹಾರ್ಡ್’ ಕೊಡಿ.

## ಹಂತ 9: ಪೂರ್ತಿ ಜಿಸಿಸಿ

ಹೊಸ ಬಿಲ್ಡ್ ಫೋಲ್ಡರ್. ವಿದೌಟ್-ಹೆಡರ್ಸ್, ನ್ಯೂಲಿಬ್, ಡಿಸೇಬಲ್-ಶೇರ್ಡ್, ಡಿಸೇಬಲ್-ಥ್ರೆಡ್ಸ್ ಎಲ್ಲ ತೆಗೆಯಿರಿ. ‘--ವಿತ್-ಸಿಸ್‌ರೂಟ್’ ಸೇರಿಸಿ, ಭಾಷೆ ‘ಸಿ, ಸಿ++’.

‘ಸಿಸ್ಟಮ್ ಹೆಡರ್ ಇರಬೇಕಾದ ಡೈರೆಕ್ಟರಿಯೇ ಇಲ್ಲ’ ಅಂದರೆ ಸಿಸ್‌ರೂಟ್ ವಿಳಾಸ ತಪ್ಪು, ಇಲ್ಲವೇ ಹೆಡರುಗಳು ‘ಯುಎಸ್‌ಆರ್/ಇನ್‌ಕ್ಲೂಡ್’ ಬದಲು ಬರಿ ‘ಇನ್‌ಕ್ಲೂಡ್’ನಲ್ಲಿವೆ. ‘ಪಾತ್_ಮ್ಯಾಕ್ಸ್ ಗೊತ್ತಿಲ್ಲ’ ಅಂದರೆ ಮೊದಲ ಜಿಸಿಸಿಯ ಅರ್ಧಂಬರ್ಧ ‘ಲಿಮಿಟ್ಸ್.ಎಚ್’ ಇನ್ನೂ ಉಳಿದಿದೆ. ಸಿಸ್‌ರೂಟಿನಲ್ಲಿ ಹೆಡರ್ ಇರುವಾಗ ಜಿಸಿಸಿ ಮತ್ತೆ ಕಟ್ಟಿದರೆ ಪೂರ್ತಿ ಲಿಮಿಟ್ಸ್.ಎಚ್ ಬರುತ್ತದೆ.

‘ಸಿಸಿ1ಪ್ಲಸ್ (ಜಿಸಿಸಿಯ ಸಿ++ ಕಂಪೈಲರ್) ಕಿಲ್ ಆಯಿತು’ ಅಂತ ಬಂದರೆ ಕೋಡಿನಲ್ಲಿ ಹುಡುಕಬೇಡಿ. ರ್‍ಯಾಮ್ ಸಾಲಲಿಲ್ಲ. ‘ಡಿಮೆಸ್ಗ್’ ನೋಡಿದರೆ ಕರ್ನಲ್ಲೇ ಅದನ್ನು ಕೊಂದ ಸಾಲು ಸಿಗುತ್ತದೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ‘-ಜೆ2’ ಸಾಕು, ಸ್ವಾಪ್ ಫೈಲ್ ಒಂದಿರಲಿ.

## ಕರೆಂಟ್ ಹೋದರೆ

ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಗೊತ್ತಲ್ಲ. ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಧ್ಯೆ ಕರೆಂಟ್ ಹೋದರೆ ಕೆಲವು ಫೈಲುಗಳು ಹೆಸರಷ್ಟೇ ಉಳಿದು ಒಳಗೆ ಖಾಲಿ ಆಗುತ್ತವೆ. ಮೇಕ್ ನೋಡುವುದು ಫೈಲಿನ ಸಮಯ ಮಾತ್ರ, ಹಾಗಾಗಿ ಅದನ್ನು ‘ಮುಗಿದ ಕೆಲಸ’ ಅಂತ ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ‘ಫೈಲ್ ಫಾರ್ಮ್ಯಾಟ್ ಗುರುತು ಸಿಗುತ್ತಿಲ್ಲ’ ಅಂತ ಎಲ್ಲೋ ಮುರಿಯುತ್ತದೆ. ‘ಫೈಂಡ್’ಗೆ ‘-ಸೈಜ್ 0’ ಕೊಟ್ಟು, ಹೆಸರಿನ ಕೊನೆಗೆ ‘.ಓ’ ಇರುವ ಖಾಲಿ ಫೈಲುಗಳನ್ನು ಹುಡುಕಿ. ಸಿಕ್ಕರೆ ಆ ಫೋಲ್ಡರನ್ನು ಹೊಸದಾಗಿ ಕಟ್ಟುವುದೇ ಒಳ್ಳೆಯದು. ನಾನು ದೊಡ್ಡ ಬಿಲ್ಡ್‌ಗಳನ್ನು ರಾತ್ರಿ ಹತ್ತರ ಮೇಲೆ ಹಚ್ಚುತ್ತೇನೆ, ಪ್ರತಿ ಹಂತ ಮುಗಿದಾಗ ಪ್ರಿಫಿಕ್ಸ್ ಮತ್ತು ಸಿಸ್‌ರೂಟನ್ನು ‘ಟಾರ್’ ಮಾಡಿಡುತ್ತೇನೆ. ಡೌನ್‌ಲೋಡ್ ಮಾಡಿದ ಟಾರ್ ಫೈಲಿನ ಚೆಕ್‌ಸಮ್ ಕೂಡ ನೋಡಿ. ನೆಟ್ ಕಡಿದು ಅರ್ಧಕ್ಕೆ ನಿಂತ ಫೈಲು ಎಷ್ಟೋ ಸಲ ಸರಿಯಾಗಿದ್ದಂತೆಯೇ ಕಾಣುತ್ತದೆ.

## ಲ್ಯಾಪ್‌ಟಾಪಿನ ಜಿಸಿಸಿ ಹೊಸದಾದರೆ

ಹಳೆಯ ಸೋರ್ಸ್ ಹೊಸ ಕಂಪೈಲರಿನಲ್ಲಿ ಮುರಿಯಲು ಮೂರು ಬದಲಾವಣೆ ಮುಖ್ಯ ಕಾರಣ. 2020ರ ಜಿಸಿಸಿ 10ರಿಂದ ಒಂದೇ ಹೆಸರಿನ ಗ್ಲೋಬಲ್ ವೇರಿಯೇಬಲ್ ಎರಡು ಫೈಲಿನಲ್ಲಿದ್ದರೆ ‘ಮಲ್ಟಿಪಲ್ ಡೆಫಿನಿಷನ್’ ಎರರ್. ಸದ್ಯಕ್ಕೆ ದಾಟಲು ‘-ಎಫ್‌ಕಾಮನ್’. 2024ರ ಜಿಸಿಸಿ 14ರಿಂದ ಘೋಷಿಸದ ಫಂಕ್ಷನ್ ಕರೆದರೆ ಎಚ್ಚರಿಕೆ ಅಲ್ಲ, ಎರರ್. ಇದರ ಅಪಾಯ ಕಣ್ಣಿಗೆ ಕಾಣದ್ದು: ಹಳೆಯ ಕಾನ್ಫಿಗರ್ ಪರೀಕ್ಷೆಗಳು ಸದ್ದಿಲ್ಲದೆ ಫೇಲಾಗಿ ‘ಈ ಸೌಲಭ್ಯ ಇಲ್ಲ’ ಅಂತ ತಪ್ಪು ತೀರ್ಮಾನಕ್ಕೆ ಬರುತ್ತವೆ. 2025ರ ಜಿಸಿಸಿ 15 ಸಿ ಭಾಷೆಯ ಹೊಸ ಆವೃತ್ತಿಯಾದ ಸಿ23ರ ನಿಯಮಗಳನ್ನು ಡೀಫಾಲ್ಟ್ ಮಾಡಿಕೊಂಡಿದೆ. ಜಿಎಂಪಿ 6.3.0ರ ಕಾನ್ಫಿಗರ್ ಇದರಿಂದಲೇ ‘ಕೆಲಸ ಮಾಡುವ ಕಂಪೈಲರ್ ಸಿಗಲಿಲ್ಲ’ ಅನ್ನುತ್ತದೆ. ಕಂಪೈಲರ್ ಚೆನ್ನಾಗೇ ಇರುತ್ತದೆ. ‘-ಎಸ್‌ಟಿಡಿ=ಜಿಎನ್‌ಯು17’ ಕೊಟ್ಟರೆ ಮುಂದೆ ಸಾಗುತ್ತದೆ.

‘ಮೆಷಿನ್ ಗುರುತಿಲ್ಲ’ ಅಂತ ಹಳೆಯ ಪ್ಯಾಕೇಜ್ ಹೇಳಿದರೆ ಅದರ ‘ಕಾನ್ಫಿಗ್.ಸಬ್’, ‘ಕಾನ್ಫಿಗ್.ಗೆಸ್’ ಹಳೆಯವು. ಹೊಸ ಜಿಸಿಸಿ ಸೋರ್ಸಿನಲ್ಲಿರುವ ಅವೇ ಎರಡು ಫೈಲು ನಕಲು ಮಾಡಿ ಹಾಕಿ.

## ಹಂತ 10: ಪರೀಕ್ಷೆ

ಸಣ್ಣ ಸಿ ಪ್ರೋಗ್ರಾಮ್ ಒಂದನ್ನು ಕಂಪೈಲ್ ಮಾಡಿ ‘ಫೈಲ್’ ಕಮಾಂಡ್ ಕೊಡಿ. ‘ಎಆರ್ಚ್64’ ಅಂತ ಇರಬೇಕು. ಆಮೇಲೆ ‘ರೀಡ್‌ಎಲ್ಫ್ -ಎಲ್’ (ಸಣ್ಣಕ್ಷರದ ಎಲ್) ಕೊಟ್ಟು ಇಂಟರ್‌ಪ್ರಿಟರ್, ಅಂದರೆ ಪ್ರೋಗ್ರಾಮನ್ನು ಲೋಡ್ ಮಾಡುವ ಫೈಲಿನ ಸಾಲು ನೋಡಿ: ‘/ಲಿಬ್/ಎಲ್‌ಡಿ-ಲಿನಕ್ಸ್-ಎಆರ್ಚ್64.ಎಸ್‌ಓ.1’. ಲ್ಯಾಪ್‌ಟಾಪಿನಲ್ಲೇ ಓಡಿಸಲು ಕ್ಯುಇಎಂಯು ಅನ್ನುವ ಎಮ್ಯುಲೇಟರ್ ಬಳಸಿ: ‘ಕ್ಯುಇಎಂಯು-ಎಆರ್ಚ್64 -ಎಲ್ ಸಿಸ್‌ರೂಟ್’ (ಇಲ್ಲಿ ದೊಡ್ಡಕ್ಷರದ ಎಲ್), ಮುಂದೆ ಪ್ರೋಗ್ರಾಮಿನ ಹೆಸರು. ಸಿ++ ಪ್ರೋಗ್ರಾಮೂ ಒಂದು ನೋಡಿ. ‘ಲಿಬ್‌ಎಸ್‌ಟಿಡಿಸಿ++ ಸಿಗುತ್ತಿಲ್ಲ’ ಅಂದರೆ ಬಿಲ್ಡ್ ಕೆಟ್ಟಿಲ್ಲ. ಆ ಲೈಬ್ರರಿ ಸಿಸ್‌ರೂಟಿನಲ್ಲಿ ಅಲ್ಲ, ಪ್ರಿಫಿಕ್ಸ್ ಒಳಗಿನ ಟಾರ್ಗೆಟ್ ಹೆಸರಿನ ಫೋಲ್ಡರಿನ ‘ಲಿಬ್64’ನಲ್ಲಿ ಇರುತ್ತದೆ. ಅಲ್ಲಿಂದ ನಕಲು ಮಾಡಿಕೊಳ್ಳಿ.

ಬೋರ್ಡಿಗೆ ಹಾಕಿದಾಗ ಎರಡು ಎರರ್ ಜಾಸ್ತಿ ಕಾಣುತ್ತವೆ. ಫೈಲು ಕಣ್ಣ ಮುಂದೇ ಇದ್ದರೂ ‘ಅಂಥ ಫೈಲ್ ಇಲ್ಲ’ ಅಂದರೆ ಇಲ್ಲದಿರುವುದು ನಿಮ್ಮ ಪ್ರೋಗ್ರಾಮಲ್ಲ, ಮೇಲೆ ನೋಡಿದ ಇಂಟರ್‌ಪ್ರಿಟರ್. ಬೋರ್ಡಿನಲ್ಲಿ ಮಸಲ್ ಅನ್ನುವ ಬೇರೆ ಸಿ ಲೈಬ್ರರಿ ಇದ್ದು ನೀವು ಜಿಲಿಬ್‌ಸಿಗೆ ಕಟ್ಟಿದಾಗ ಹೀಗೆ ಆಗುತ್ತದೆ. ಇನ್ನೊಂದು, ‘ಜಿಲಿಬ್‌ಸಿ_2.34 ವರ್ಷನ್ ಸಿಗಲಿಲ್ಲ’. ಬೋರ್ಡಿನ ಲೈಬ್ರರಿ ನಿಮ್ಮದಕ್ಕಿಂತ ಹಳೆಯದು. 2021ರ 2.34ರಲ್ಲಿ ಪ್ರೋಗ್ರಾಮ್ ಶುರುವಾಗುವ ಫಂಕ್ಷನ್ನಿಗೇ ಹೊಸ ವರ್ಷನ್ ಗುರುತು ಬಂದಿದ್ದರಿಂದ ‘ಹಲೋ’ ಅನ್ನುವ ಪ್ರೋಗ್ರಾಮ್ ಕೂಡ ಓಡುವುದಿಲ್ಲ. ಬೋರ್ಡಿನಲ್ಲಿ ‘ಎಲ್‌ಡಿಡಿ --ವರ್ಷನ್’ ಕೊಟ್ಟು ನೋಡಿ, ಅದೇ ಜಿಲಿಬ್‌ಸಿ ಅಥವಾ ಅದಕ್ಕಿಂತ ಹಳೆಯದನ್ನು ತೆಗೆದುಕೊಂಡು ಹಂತ 8ರಿಂದ ಮತ್ತೆ ಕಟ್ಟಿ. ಈ ಸಂಖ್ಯೆಯನ್ನು ಹಂತ 1ರಲ್ಲೇ ನೋಡಿ ಬರೆದಿಟ್ಟುಕೊಂಡರೆ ಒಂದು ಇಡೀ ರಾತ್ರಿ ಉಳಿಯುತ್ತದೆ.